ಪಾದಪೂರಣ

ಪದ್ಯದ ಮಾತ್ರೆ ಕೆಡದಿರಲೆಂದು ಕವಿಯು ಅರ್ಥರಹಿತವಾದ ಅಕ್ಷರಗಳನ್ನು ಸೇರಿಸುವುದುಂಟು, ಅದೇ ಪಾದಪೂರಣ. ಗಣಕಯಂತ್ರದಲ್ಲಿ ಈ ಕೆಲಸ ಕಂಪೈಲರಿನದು. ‘ಸಿ’ ಭಾಷೆಯಲ್ಲಿ 1 ಬೈಟಿನ ಅಕ್ಷರದ ಬಳಿಕ ‘ಲಾಂಗ್’ ಸಂಖ್ಯೆಯೊಂದನ್ನು ಇರಿಸಿದಿರೆನ್ನಿ. ಯಂತ್ರಕ್ಕೆ ಓದಲು ಸುಲಭವಾಗಲೆಂದು 64-ಬಿಟ್ ಲಿನಕ್ಸಿನಲ್ಲಿ ಜಿಸಿಸಿ ನಡುವೆ 7 ಬೈಟುಗಳನ್ನು ತೆರವಿರಿಸಿ ಒಟ್ಟು 16 ಮಾಡುತ್ತದೆ. ವಿಂಡೋಸಿನ ಮೈಕ್ರೋಸಾಫ್ಟ್ ಕಂಪೈಲರಿಗೆ ಲಾಂಗ್ 4 ಬೈಟೇ ಆದುದರಿಂದ, 3 ತೆರವಿರಿಸಿ 8. ಭಾಷೆಯ ನಿಯಮಕ್ಕೆ ಎರಡೂ ಸಮ್ಮತ. 16 ಎಂದೇ ನಂಬಿದ ಪರೀಕ್ಷೆ ಮಾತ್ರ ವಿಂಡೋಸಿನಲ್ಲಿ ಸೋಲುತ್ತದೆ. ನಿರ್ದೋಷವಾದ ತಂತ್ರಾಂಶದಲ್ಲಿ ದೋಷವನ್ನರಸುತ್ತ ಇರುಳುಗಳು ಕಳೆಯುತ್ತವೆ. ತೆರವಿನಲ್ಲುಳಿದ ಕಸವನ್ನೂ ಸೇರಿಸಿ ಬೈಟಿಗೆ ಬೈಟು ಹೋಲಿಸುವ ಪರೀಕ್ಷೆಯಂತೂ ಇಂದು ಗೆದ್ದು ನಾಳೆ ಸೋತೀತು. ಅಂಗಗಳನ್ನು ಒಂದೊಂದಾಗಿ ಹೋಲಿಸುವುದೇ ಮದ್ದು. ಪದ್ಯಕ್ಕೆ ಅರ್ಥ ಹೇಳುವಾಗ ಪಾದಪೂರಣವನ್ನು ನಾವು ಲೆಕ್ಕಕ್ಕೆ ಹಿಡಿಯುತ್ತೇವೆಯೆ, ವಾಚಕರೆ?