ಬಾಂಕ್ ಅಂದರೆ ತಪ್ಪೇನುಂಟು?

ಪುತ್ತೂರು, ಸುಳ್ಯ ಕಡೆಯ ಕೊಂಕಣಿ ಕ್ರೈಸ್ತರ ಮನೆಯ ಮಗು ಶಾಲೆಯಲ್ಲಿ "ನಾನು ಬಾಂಕ್‌ನಲ್ಲಿ ಕೂತಿದ್ದೆ" ಅಂದರೆ ಉಳಿದ ಮಕ್ಕಳು ನಗುತ್ತಾರೆ. ಬ್ಯಾಂಕಿನಲ್ಲಿ ಕೂತು ದುಡ್ಡು ಎಣಿಸಿದ್ದಾ ಅಂತ ಕೇಳುತ್ತಾರೆ. ದೊಡ್ಡವರೂ ಕಮ್ಮಿ ಇಲ್ಲ, "ಬಾಂಕ್ ಅಲ್ಲ, ಬೆಂಚ್ ಅನ್ನಬೇಕು" ಅಂತ ತಿದ್ದುತ್ತಾರೆ. ಹೀಗೆ ತಿದ್ದುವುದನ್ನು ಬಿಟ್ಟುಬಿಡಿ ಅಂತ ನಾವು ಹೇಳುತ್ತೇವೆ.

ಬಾಂಕ್ ಅಂದರೆ ಇಗರ್ಜಿಯಲ್ಲಿ ಸಾಲಾಗಿ ಇಟ್ಟಿರುವ, ಬೆನ್ನಿಗೆ ಹಲಗೆ ಇರುವ ಮರದ ಉದ್ದ ಆಸನ. ಪೋರ್ಚುಗೀಸರ 'ಬಾಂಕೊ' ಗೋವಾದಲ್ಲಿ ಕೊಂಕಣಿಗೆ ಸೇರಿ, ಅಲ್ಲಿಂದ ವಲಸೆ ಬಂದವರ ಜೊತೆ ನಮ್ಮ ಜಿಲ್ಲೆಗೆ ಬಂತು. ಅದೇ ಪದ ಶ್ರೀಲಂಕಾದ ತಮಿಳರ ಬಾಯಲ್ಲಿ 'ವಾಂಗು' ಆಗಿದೆ. ಇನ್ನು ಇಂಗ್ಲಿಷಿನ 'ಬೆಂಚ್' ಬೇರೆ ಮನೆಯದ್ದಾ? ಅಲ್ಲ ಮಾರಾಯ್ರೆ! ಬೆಂಚ್, ಬಾಂಕೊ ಎರಡೂ ಹುಟ್ಟಿದ್ದು ಹಳೆಯ ಜರ್ಮನ್ ಮೂಲದ ಒಂದೇ ಪದದಿಂದ. ಅಂದರೆ ಅಕ್ಕನ ಹೆಸರು ಹೇಳಿದ ಮಗುವಿಗೆ ತಂಗಿಯ ಹೆಸರೇ ಸರಿ ಅಂತ ನಾವು ಪಾಠ ಮಾಡುತ್ತಿದ್ದೇವೆ.

ದುಡ್ಡಿನ ಬ್ಯಾಂಕ್ ಕೂಡ ಇದೇ ಕುಟುಂಬದ್ದು. ಇಟಲಿಯ ಪೇಟೆಗಳಲ್ಲಿ ಹಣ ಬದಲಾಯಿಸಿ ಕೊಡುವವರು ಮುಂದೆ ಇಟ್ಟುಕೊಳ್ಳುತ್ತಿದ್ದ ಮರದ ಹಲಗೆಗೂ ಬಾಂಕೊ ಅನ್ನುತ್ತಿದ್ದರು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಅಂತ ಸಾಲುಸಾಲು ಬ್ಯಾಂಕ್ ಕಟ್ಟಿದ ಕರಾವಳಿ ನಮ್ಮದು. ಇಲ್ಲಿಯ ಮಗುವಿಗೆ ಈ ಕಥೆ ಹೇಳಿದರೆ ನಗಾಡಿದವರ ಬಾಯಿ ತನ್ನಿಂದ ತಾನೇ ಮುಚ್ಚುತ್ತದೆ.

ಇಂಗ್ಲೆಂಡಿನವರನ್ನು ನೋಡಿ. ಅಲ್ಲಿಯ ಹಳೆ ಚರ್ಚುಗಳಲ್ಲಿ 'ಮಿಸೆರಿಕಾರ್ಡ್' ಅಂತ ಒಂದು ಉಂಟು. ಗಂಟೆಗಟ್ಟಲೆ ನಿಂತು ಪ್ರಾರ್ಥನೆ ಹೇಳಬೇಕಾದ ಸನ್ಯಾಸಿಗಳ ಮಡಚುವ ಆಸನದ ಅಡಿಯಲ್ಲಿ ಒಂದು ಸಣ್ಣ ಮರದ ತುಂಡು. ಆಸನ ಮೇಲೆತ್ತಿದಾಗ ವಯಸ್ಸಾದವರು ಅದಕ್ಕೆ ಮೆಲ್ಲ ಒರಗಬಹುದು, ನಿಂತ ಹಾಗೂ ಕಾಣುತ್ತದೆ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಕರುಣೆ ಅಂತ ಅರ್ಥ. ಅದರ ಕೆಳಗೆ ಬಡಗಿಗಳು ಬಾತುಗಳಿಗೆ ಉಪದೇಶ ಮಾಡುವ ನರಿಯನ್ನೆಲ್ಲ ಕೆತ್ತಿದ್ದಾರೆ! ಇವತ್ತು ಆ ತುಂಡು ಹೆಚ್ಚಿನವರಿಗೆ ಬೇಡ, ಆದರೂ ಅದರ ಮೇಲೆ ಪುಸ್ತಕಗಳು ಬಂದಿವೆ, ನೋಡಲು ಪ್ರವಾಸಿಗರು ಹೋಗುತ್ತಾರೆ. ನಾವು ದಿನವೂ ಕೂರುವ ಬಾಂಕ್‌ಗೆ ನಾಚಿಕೆ ಪಡುತ್ತೇವೆ.

ಪುತ್ತೂರಿನ 'ಮಾಯ್ ದೆ ದೇವುಸ್' ಚರ್ಚಿನ ಹೆಸರೇ ಪೋರ್ಚುಗೀಸ್, ದೇವರ ತಾಯಿ ಅಂತ. ಅದನ್ನು ಯಾರೂ ತಿದ್ದಲು ಹೋಗಿಲ್ಲ. ಚಾವಿ, ಇಸ್ತ್ರಿ, ಬಟಾಟೆ, ಪಾದ್ರಿ ಎಲ್ಲ ಅದೇ ಹಡಗಿನಲ್ಲಿ ಬಂದ ಪದಗಳು, ಎಲ್ಲ ಜಾತಿ ಧರ್ಮದವರೂ ಬಳಸುತ್ತೇವೆ. ಬಾಂಕ್ ಒಂದೇ ಯಾಕೆ ಹೊರಗೆ ನಿಲ್ಲಬೇಕು?

ಕಡಬ, ನೆಲ್ಯಾಡಿ ಕಡೆ ಕಥೆಯೇ ಬೇರೆ. ಕಳೆದ ಶತಮಾನದಲ್ಲಿ ಕೇರಳದಿಂದ ರಬ್ಬರ್ ಬೆಳೆಯಲು ಬಂದ ಸುರಿಯಾನಿ ಕ್ರೈಸ್ತರ ಹಳೆ ಪದ್ಧತಿಯಲ್ಲಿ ಕುರ್ಬಾನದ ಹೆಚ್ಚಿನ ಹೊತ್ತು ನಿಂತೇ ಇರುವುದು, ಕೂತರೆ ಚಾಪೆ. ಅವರ ಅಜ್ಜಿಯಂದಿರ ಹತ್ತಿರ ಕೂರುವ ಜಾಗಕ್ಕೆ, ನೆಲಕ್ಕೆ, ಚಾಪೆಗೆ ಇರುವ ಮಲಯಾಳಂ ಪದಗಳನ್ನೂ ಕೇಳಬೇಕು. ಹಾಗೆಯೇ ನಮ್ಮ ಮನೆಗಳ ಮಣೆ, ದೈವಸ್ಥಾನದ ಉಜ್ಜಾಲು.

ಇಟಲಿಯ ಪಾದ್ರಿ ಮಫೇಯಿ 1883ರಲ್ಲಿ ಮಂಗಳೂರಿನಲ್ಲಿ ಕೊಂಕಣಿ ನಿಘಂಟು ಮಾಡಿದರು. ಕಥೋಲಿಕ ಪಾದ್ರಿಯ ಪುಸ್ತಕ, ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಕಿಟೆಲ್ ಅವರ ಕನ್ನಡ ನಿಘಂಟು ಬಂದದ್ದು 1894ರಲ್ಲಿ. ದೂರದಿಂದ ಬಂದವರು ಕಾಗದ ಪೆನ್ನು ಹಿಡಿದು ಇಷ್ಟು ಮಾಡಿದ್ದಾರೆ, ನಮ್ಮ ಕೈಯಲ್ಲಿ ಮೊಬೈಲ್ ಉಂಟು.

ಈಗ ಊರೂರಲ್ಲಿ ಹಳೆ ಇಗರ್ಜಿ ಕೆಡವಿ ಹೊಸತು ಕಟ್ಟುತ್ತಿದ್ದಾರೆ. ಕಟ್ಟಲಿ. ಆದರೆ ಹಳೆ ಬಾಂಕ್‌ಗಳನ್ನು ಹೊರಗೆ ಹಾಕುವ ಮೊದಲು ಊರಿನ ಆಚಾರಿಯನ್ನೂ ಇಬ್ಬರು ಹಿರಿಯರನ್ನೂ ಕರೆದು ಕೂರಿಸಿ. ಬೆನ್ನಿನ ಹಲಗೆಗೆ, ಕಾಲಿಗೆ, ಮೊಣಕಾಲು ಊರುವ ಪಟ್ಟಿಗೆ ಏನು ಹೇಳುತ್ತಾರೆ, ಯಾವ ಮರ, ಯಾರು ಕೊಟ್ಟದ್ದು ಅಂತ ಕೇಳಿ ರೆಕಾರ್ಡ್ ಮಾಡಿ. ಒಂದು ಮಧ್ಯಾಹ್ನದ ಕೆಲಸ.