ಸಿಂಪ್ಯೂಟರ್ ಮುಳುಗಿದ್ದು ಲಿನಕ್ಸ್‌ನಿಂದಲ್ಲ

ಪಾಮ್ ಓಎಸ್ ಇಲ್ಲವೇ ವಿಂಡೋಸ್ ಸಿಇ ಹಾಕಿದ್ದರೆ ಸಿಂಪ್ಯೂಟರ್ ಬದುಕುತ್ತಿತ್ತು ಎನ್ನುವವರು ಇನ್ನೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಸೇರಿ 2001ರ ಹೊತ್ತಿಗೆ ಬೆಂಗಳೂರಿನಲ್ಲಿ ರೂಪಿಸಿದ ಆ ಅಂಗೈ ಗಣಕಕ್ಕೆ ಲಿನಕ್ಸ್ ಬಂದದ್ದು ಬರೀ ಹಟದಿಂದ ಎಂಬುದು ಇವರ ಸಿಟ್ಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಹೊಲಗಳಲ್ಲಿ ನಿಂತು ನೋಡುವವರಿಗೆ ಈ ವಾದ ಒಪ್ಪಿಗೆಯಾಗದು.

ಪಾಮ್‌ನಲ್ಲಿ ದಿನಚರಿ, ವಿಳಾಸ, ಲೆಕ್ಕ ಎಲ್ಲ ಸಿದ್ಧವಿತ್ತಲ್ಲ ಎನ್ನುತ್ತಾರೆ. ಇತ್ತು, ಇಂಗ್ಲಿಷ್ ಬಲ್ಲ ಅಧಿಕಾರಿಯ ಜೇಬಿಗೆ. ಕರ್ನಾಟಕ ಸರ್ಕಾರ ಸಿಂಪ್ಯೂಟರನ್ನು ಪ್ರಯೋಗಿಸಿ ನೋಡಿದ್ದು ಭೂದಾಖಲೆಯ ಕೆಲಸಕ್ಕೆ. ಶೇಂಗಾ ಬಿತ್ತುತ್ತಿದ್ದ ಕೂಡ್ಲಿಗಿಯ ರೈತ ಮೆಕ್ಕೆಜೋಳ ಹಾಕಿದರೆ, ಹಡಗಲಿಯವನು ಮಲ್ಲಿಗೆ ಇಟ್ಟರೆ, ಅದು ಪಹಣಿಯಲ್ಲಿ ಕನ್ನಡದಲ್ಲೇ ಏರಬೇಕು. ತಪ್ಪಿದರೆ ಬೆಳೆ ಪರಿಹಾರಕ್ಕೇ ಕುತ್ತು. ಪಾಮ್ ಓಎಸ್‌ನಲ್ಲಿ ಕನ್ನಡ ಇರಲಿಲ್ಲ. ಒತ್ತಕ್ಷರ ಮೂಡಿಸುವ ಏರ್ಪಾಡನ್ನು ನಾವೇ ಬುಡದಲ್ಲಿ ಸೇರಿಸೋಣವೆಂದರೆ ಮಾಲೀಕರ ಒಪ್ಪಿಗೆ ಬೇಕಿತ್ತು. ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಯಾರನ್ನೂ ಕೇಳಬೇಕಿರಲಿಲ್ಲ. ರಮೇಶ್ ಹರಿಹರನ್ ಮುಂದಾಳುತನದಲ್ಲಿ ಸಿಂಪ್ಯೂಟರ್ ಟ್ರಸ್ಟ್‌ನಲ್ಲಿ ಹುಟ್ಟಿದ ‘ಧ್ವನಿ’ ತಂತ್ರಾಂಶ ಕನ್ನಡ ಬರಹವನ್ನು ಓದಿ ಹೇಳುತ್ತಿತ್ತು. ಸಾಧನ ಮೂಲೆ ಸೇರಿದ ಮೇಲೂ ಮುಕ್ತವಾಗಿದ್ದ ಧ್ವನಿ ಉಳಿಯಿತು. ಕೇರಳದ ಸಂತೋಷ್ ತೋಟ್ಟಿಙಲ್ ಅದನ್ನು ಬೇರೆ ಭಾರತೀಯ ಭಾಷೆಗಳಿಗೂ ಬೆಳೆಸಿದರು. ಬೀಗ ಹಾಕಿದ ತಂತ್ರಾಂಶವಾಗಿದ್ದರೆ ಅದೂ ಸಾಧನದ ಜೊತೆಗೇ ಮಣ್ಣಾಗುತ್ತಿತ್ತು.

ಹಾಗಾದರೆ ಏಕೆ ಮುಳುಗಿತು? ಬೆಲೆ ನೋಡಿ. ಬಡವರ ಗಣಕ ಎಂದು ಹೊರಟದ್ದು, 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ತೀರಾ ಅಗ್ಗದ ಮಾದರಿಗೇ ಹತ್ತಿರ ಹತ್ತಿರ ಹತ್ತು ಸಾವಿರ ರೂಪಾಯಿ. ಸರ್ಕಾರಗಳು ಸಗಟಾಗಿ ಕೊಳ್ಳಲಿಲ್ಲ, ಅಷ್ಟರಲ್ಲಿ ಮೊಬೈಲ್ ಅಗ್ಗವಾಯಿತು. ಲೈಸೆನ್ಸ್ ಶುಲ್ಕವಿಲ್ಲದ ಲಿನಕ್ಸ್ ಆ ಬೆಲೆಯನ್ನು ಏರಿಸಿದ್ದಂತೂ ಅಲ್ಲ. ಪೇಟೆಯ ಗಿರಾಕಿಗೆ ಬೇಕಾದ ಸಿದ್ಧ ತಂತ್ರಾಂಶ ಕಡಿಮೆಯಿತ್ತು ಎಂಬ ದೂರು ಮಾತ್ರ ನಿಜ, ಒಪ್ಪುತ್ತೇನೆ. ಆದರೆ ಇವರು ಹೊಗಳುವ ಪಾಮ್ ಓಎಸ್ ಎಲ್ಲಿದೆ ಈಗ? ವಿಂಡೋಸ್ ಫೋನು?

ಆಂಡ್ರಾಯ್ಡ್ ಗೆದ್ದಾಯಿತು, ಈ ಚರ್ಚೆ ಯಾಕೆ ಎಂಬುದು ಕೊನೆಯ ಪಟ್ಟು. ಆಂಡ್ರಾಯ್ಡಿನ ಬುಡದಲ್ಲಿರುವುದೂ ಲಿನಕ್ಸ್ ತಿರುಳೇ, ಸ್ವಾಮಿ! ಆದರೂ ಒಂದು ಹಿನ್ನಡೆ ಆಗಿದೆ. ಒಂದೇ ಸಿಂಪ್ಯೂಟರನ್ನು ಊರವರೆಲ್ಲ ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದಿತ್ತು. ಆಂಡ್ರಾಯ್ಡ್ ಕಾಲದಲ್ಲಿ ಸರ್ಕಾರದ ಕೆಲಸ ನೌಕರರ ಸ್ವಂತ ಫೋನಿನ ಮೇಲೆ ಬಿತ್ತು. 2020ರಿಂದ ಬೆಳೆ ಸಮೀಕ್ಷೆ ರೈತರ ಫೋನಿಗೂ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತದ್ದು ಆ್ಯಪ್‌ಗಳ ಹೊರೆ ತಾಳಲಾರದೆ. ಸಾಧನ ಕೊಡಿ ಎಂಬುದೂ ಅವರ ಬೇಡಿಕೆಯಾಗಿತ್ತು. ಕೊಡುವಾಗ ಟೆಂಡರ್‌ನಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಬರೆಯುವ ಮುಂಚೆ ಮೂರು ವಿಷಯ ಬರೆಯಲಿ: ಓಎಸ್‌ಗೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಸಿಗ್ನಲ್ ಇಲ್ಲದ ಹೊಲದಲ್ಲಿ ದಾಖಲೆ ಸೇವ್ ಆಗುತ್ತದೆಯೇ, ಕಂಪನಿ ಕೈಬಿಟ್ಟರೆ ಬೇರೆಯವರು ಅದನ್ನು ರಿಪೇರಿ ಮಾಡಲು ಬರುತ್ತದೆಯೇ.