'ಶಿಡ್ಲಘಟ್ಟನಲ್ಲಿ' ಅಂತ ಯಾರಪ್ಪಾ ಬರೀತಾರೆ?

ಮಿನಿ ಪ್ರಾಜೆಕ್ಟ್ ಸೀಸನ್ ಬಂತೆಂದರೆ ಒಂದಾದರೂ ಟೀಮ್ ಮಾರ್ಕೆಟ್ ರೇಟಿನ ವೆಬ್‌ಸೈಟ್ ಮಾಡುತ್ತೆ. ಸಹಜವೇ ಬಿಡಿ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು, ಚಿಂತಾಮಣಿಯಲ್ಲಿ ಟೊಮ್ಯಾಟೊ, ಗೌರಿಬಿದನೂರಿನಲ್ಲಿ ಮುಸುಕಿನ ಜೋಳ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ, ಹೂವು. ಕ್ಲಾಸಿನಲ್ಲಿ ಎಷ್ಟೋ ಜನರ ಮನೆ ನಡೆಯೋದೇ ಇದರ ಮೇಲೆ. ಆದರೆ ಸೈಟ್ ಮಾತ್ರ ಇಂಗ್ಲಿಷ್. ಯಾಕೆ ಅಂದರೆ, "ಕನ್ನಡ ಹಾಕಿದ್ರೆ ವಾಕ್ಯ ಕೆಟ್ಟುಹೋಗುತ್ತೆ ಮಗಾ, ಬಿಟ್ಬಿಡು."

ಕೆಡೋದು ನಿಜ. ಆದರೆ ತಪ್ಪು ಕನ್ನಡದ್ದಲ್ಲ. ಟೆಂಪ್ಲೇಟನ್ನು ಎಲ್ಲಿ ಕತ್ತರಿಸಿದ್ದಾರೆ ಅನ್ನೋದರಲ್ಲಿದೆ.

ಸರ್ವರ್ ಕಡೆ ಪೇಜ್ ತಯಾರಾಗುವಾಗ ಹೆಡರ್, ಮೆನು, ಫೂಟರ್ ಇವನ್ನು ಪ್ರತಿ ಫೈಲಿಗೂ ಕಾಪಿ ಹೊಡೆಯಬಾರದು, ಒಂದು ತುಣುಕು ಮಾಡಿಟ್ಟು ಬೇಕಾದ ಕಡೆ ಕರೆಸಿಕೊಳ್ಳಬೇಕು. ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಪಿಎಚ್‌ಪಿಯ ಇನ್‌ಕ್ಲೂಡ್, ಜೆಎಸ್‌ಪಿಯ ಟ್ಯಾಗ್ ಫೈಲ್, ವಿಟಿಯು 21ರ ಸ್ಕೀಮಿನ ಫುಲ್‌ಸ್ಟ್ಯಾಕ್ ಪೇಪರಿನಲ್ಲಿದ್ದ ಜ್ಯಾಂಗೊದ ಇನ್‌ಕ್ಲೂಡ್, ಎಕ್ಸ್‌ಟೆಂಡ್ಸ್, ಎಲ್ಲದರ ಕೆಲಸವೂ ಇಷ್ಟೇ. 2025ರ ಡಿಸೆಂಬರಿನಲ್ಲಿ ಬಂದ ಜ್ಯಾಂಗೊ 6.0ರಲ್ಲಂತೂ ಬೇರೆ ಫೈಲೂ ಬೇಡ, ಅದೇ ಟೆಂಪ್ಲೇಟಿನ ಒಳಗೇ ಪಾರ್ಷಿಯಲ್ ಬರೆದುಕೊಳ್ಳಬಹುದು. ರೇಟ್ ಕಾರ್ಡ್ ಒಂದು ತುಣುಕು. ಊರು, ಬೆಳೆ, ಬೆಲೆ ಕೊಟ್ಟರೆ ನಾಲ್ಕು ಊರಿಗೂ ಅದೇ ಕಾರ್ಡ್. ಇಲ್ಲಿವರೆಗೂ ಚೆನ್ನಾಗಿದೆ.

ಎಡವಟ್ಟಾಗೋದು ಮುಂದೆ. ಪೇಜ್ ತುಣುಕು ಮಾಡಿದ ಕೈ ವಾಕ್ಯವನ್ನೂ ತುಣುಕು ಮಾಡುತ್ತೆ. ಇಂಗ್ಲಿಷಿನಲ್ಲಿ 'ಇನ್' ಅನ್ನೋದು ಬೇರೆ ಪದ, ಅದರ ಮುಂದೆ ಯಾವ ಊರಿನ ಹೆಸರು ಅಂಟಿಸಿದರೂ ನಡೆಯುತ್ತೆ. ಕನ್ನಡದಲ್ಲಿ ವಿಭಕ್ತಿ ಹೆಸರಿನ ಮೈಗೇ ಅಂಟಿಕೊಳ್ಳುತ್ತೆ. ಮೇಲಿನ ನಾಲ್ಕು ಊರನ್ನೇ ನೋಡಿ: ದಲ್ಲಿ, ಯಲ್ಲಿ, ಇನಲ್ಲಿ, ಮತ್ತೆ ದಲ್ಲಿ. ನಾಲ್ಕು ಊರಿಗೆ ಮೂರು ರೂಪ. ಟೆಂಪ್ಲೇಟಿನಲ್ಲಿ ವೇರಿಯಬಲ್ ಪಕ್ಕ 'ನಲ್ಲಿ' ಅಂತ ಕೂರಿಸಿದರೆ 'ಶಿಡ್ಲಘಟ್ಟನಲ್ಲಿ', 'ಗೌರಿಬಿದನೂರುನಲ್ಲಿ' ಅಂತ ಬರುತ್ತೆ. ಗೂಡು ಮಾರೋಕೆ ಬಂದ ರೈತ ಇದನ್ನು ಓದಿದರೆ ನಗ್ತಾನೆ, ಆಮೇಲೆ ಅದರ ಕೆಳಗಿರೋ ರೇಟನ್ನೂ ನಂಬಲ್ಲ.

ಇದನ್ನು ತಪ್ಪಿಸೋಕೆ ಕೆಲವು ಟೀಮ್‌ಗಳು ಇಡೀ ಸೈಟನ್ನೇ ಕಾಪಿ ಮಾಡಿ 'ಕನ್ನಡ' ಅಂತ ಇನ್ನೊಂದು ಫೋಲ್ಡರ್ ಇಡ್ತವೆ. ಇದು ಇನ್ನೂ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಇಂಗ್ಲಿಷ್ ಕಾರ್ಡಿನಲ್ಲಿ ಬಗ್ ಸರಿಮಾಡಿದರೆ ಕನ್ನಡ ಕಾರ್ಡಿಗೆ ಅದು ಹೋಗಲ್ಲ. ಎರಡು ವಾರಕ್ಕೆ ಎರಡು ಬೇರೆ ಸೈಟ್. ಹಳೇದಾಗಿ ಕೂರೋದು ಯಾವಾಗಲೂ ಕನ್ನಡದ್ದೇ.

ತುಣುಕು ಒಂದೇ ಇರಲಿ, ವಾಕ್ಯ ಮಾತ್ರ ಇಡಿಯಾಗಿ ಅನುವಾದಕ್ಕೆ ಹೋಗಲಿ. ಜ್ಯಾಂಗೊದಲ್ಲಿ ಬ್ಲಾಕ್‌ಟ್ರಾನ್ಸ್‌ಲೇಟ್ ಇರೋದು ಅದಕ್ಕೇ. ಆಗ ಪಿಒ ಫೈಲಿನಲ್ಲಿ ಕನ್ನಡ ವಾಕ್ಯವನ್ನು ಕನ್ನಡದ ಕ್ರಮದಲ್ಲೇ ಬರೆಯಬಹುದು. ಊರಿನ ಹೆಸರು ಆಗಲೂ ಬರಿಯಾಗೇ ಬಂದು ಕೂರುತ್ತಲ್ಲ? ವಿಭಕ್ತಿಯನ್ನು ಪಕ್ಕದ ಪದಕ್ಕೆ ದಾಟಿಸಿ: 'ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಇಂದಿನ ದರ'. ನಾಲ್ಕು ಊರಿಗೂ ಸಲೀಸು.

ಇಲ್ಲ, ಊರಿಗೇ ಅಂಟಬೇಕು ಅನ್ನೋ ಹಟ ಇದ್ದರೆ ಒಂದು ಫಿಲ್ಟರ್ ಬರೀರಿ, ಹತ್ತು ಸಾಲು ಸಾಕು. ಯುನಿಕೋಡ್ ಇಲ್ಲಿ ನಮ್ಮ ಕಡೆಗಿದೆ. ಹೆಸರಿನ ಕೊನೆಯ ಕೋಡ್ ಬರೀ ವ್ಯಂಜನವಾಗಿದ್ದರೆ (ತಲೆಕಟ್ಟಿಗೆ ಬೇರೆ ಕೋಡ್ ಇಲ್ಲ) 'ದಲ್ಲಿ' ಸೇರಿಸಿ. ಗುಡಿಸು ಅಥವಾ ಎತ್ವ ಇದ್ದರೆ 'ಯಲ್ಲಿ': ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಮೂರೂ ಸರಿಹೋದವು. ಕೊಂಬು ಇದ್ದರೆ ಅದನ್ನು ಕಿತ್ತು ಗುಡಿಸು ಹಾಕಿ 'ನಲ್ಲಿ' ಸೇರಿಸಿ, ಗೌರಿಬಿದನೂರು ಬಗೆಹರೀತು. ಪ್ರೈಮರಿ ಸ್ಕೂಲಿನ ಕಾಗುಣಿತ ಆರನೇ ಸೆಮ್‌ನಲ್ಲಿ ಕೆಲಸಕ್ಕೆ ಬರುತ್ತೆ! ಜನರ ಹೆಸರಿಗೆ ಮಾತ್ರ ಇದನ್ನು ಹಚ್ಚಬೇಡಿ. ರಾಮನಲ್ಲಿ ಅಂತೀವಿ, ರಾಮದಲ್ಲಿ ಅನ್ನಲ್ಲ.

"ಎಕ್ಸ್‌ಟರ್ನಲ್ ಇದನ್ನೆಲ್ಲ ಕೇಳಲ್ಲ" ಅಂತೀರಿ. ಕೇಳದೇ ಇರಬಹುದು. ಆದರೆ ರಿಪೋರ್ಟಿನ ಮೊದಲ ಪುಟದಲ್ಲಿ 'ರೈತರಿಗೆ ಉಪಯುಕ್ತ' ಅಂತ ಬರೆದವರು ನೀವೇ. ಆ ರೈತ ಓದೋ ಭಾಷೆ ಸೈಟಿನಲ್ಲಿ ಇಲ್ಲದಿದ್ದರೆ ಆ ಸಾಲನ್ನಾದರೂ ತೆಗೀರಿ.

ಬಸ್ ಟೈಮಿಂಗ್ ಪ್ರಾಜೆಕ್ಟ್ ತಗೊಂಡವರ ಕಷ್ಟ ಇನ್ನೂ ಒಂದು ಕೈ ಹೆಚ್ಚು: ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ, ಶಿಡ್ಲಘಟ್ಟದಿಂದ ಗೌರಿಬಿದನೂರಿಗೆ. 'ಕ್ಕೆ' ಒಂದು ಕಡೆ, 'ಗೆ' ಇನ್ನೊಂದು ಕಡೆ. ಅವರು ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತು ಕೇಳಲಿ. ಕಂಡಕ್ಟರ್ ವಿಭಕ್ತಿ ಹಚ್ಚಲ್ಲ, "ಶಿಡ್ಲಘಟ್ಟ, ಚಿಂತಾಮಣಿ, ಚಿಂತಾಮಣಿ" ಅಂತಷ್ಟೇ ಕೂಗ್ತಾರೆ. ಬೋರ್ಡಿನಲ್ಲೂ ಎರಡು ಹೆಸರು, ನಡುವೆ ಒಂದು ಗೆರೆ.